ಎರಡು ಸಲ ನೋಡಿದ ರಸ್ತೆ

ರ‍್ಯಾಲಿ ಎಂದ ಕೂಡಲೇ ಕಣ್ಣಿಗೆ ಕಟ್ಟುವುದು ಧೂಳೆಬ್ಬಿಸಿಕೊಂಡು ಅಡ್ಡಡ್ಡ ಜಾರುತ್ತಾ ತಿರುವು ದಾಟುವ ಕಾರು. ಮೊಬೈಲಿನಲ್ಲಿ ಓಡಾಡುವ ವಿಡಿಯೋಗಳೆಲ್ಲ ಅಂಥವೇ. ಆದರೆ ವೃತ್ತಿಪರ ರ‍್ಯಾಲಿ ಚಾಲಕರ ಹಣೆಬರಹ ಬರೆದಾಗುವುದು ಅದಕ್ಕೂ ಎರಡು ದಿನ ಮೊದಲು, ಸಾದಾ ಕಾರಿನಲ್ಲಿ, ಗಂಟೆಗೆ ಐವತ್ತು ಅರವತ್ತು ಕಿ.ಮೀ. ವೇಗದಲ್ಲಿ, ಪಕ್ಕದ ಸೀಟಿನವರ ಪೆನ್ಸಿಲ್ಲಿನಿಂದ. ಆ ಕೆಲಸಕ್ಕೆ ರೆಕ್ಕಿ ಎನ್ನುತ್ತಾರೆ. ನೋಡುವವರಿಗೆ ಇದರಷ್ಟು ಬೇಜಾರಿನ ಕೆಲಸ ಇನ್ನೊಂದಿಲ್ಲ.

ಟ್ರ್ಯಾಕ್ ರೇಸಿನ ಚಾಲಕರಿಗೆ ಐದಾರು ಕಿ.ಮೀ. ರಸ್ತೆ ಕೊಟ್ಟು ಐವತ್ತು ಅರವತ್ತು ಸಲ ಸುತ್ತಿಸುತ್ತಾರೆ. ಹತ್ತನೇ ಸುತ್ತಿನ ಹೊತ್ತಿಗೆ ಬ್ರೇಕ್ ಎಲ್ಲಿ ಒತ್ತಬೇಕೆಂಬುದು ಕಾಲಿಗೇ ಗೊತ್ತಾಗಿರುತ್ತದೆ. ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನ ಒಂದು ಸುತ್ತಿನಲ್ಲಿ, ಎಂದರೆ ಒಂದು ರ‍್ಯಾಲಿಯಲ್ಲಿ, ಸ್ಪರ್ಧೆಯ ದೂರವೇ 300 ಕಿ.ಮೀ. ಆಸುಪಾಸು. ಅದನ್ನು ಸ್ಟೇಜ್‌ಗಳಾಗಿ ತುಂಡರಿಸಿ ಮೂರು ನಾಲ್ಕು ದಿನಕ್ಕೆ ಹಂಚಿರುತ್ತಾರೆ. ಒಂದೊಂದು ಸ್ಟೇಜಿನ ರಸ್ತೆಯನ್ನು ಮುಂಚಿತವಾಗಿ ನೋಡಲು ಬಿಡುವುದು ಎರಡೇ ಸಲ, ಅದೂ ಸಂಘಟಕರು ಹೇಳಿದ ವೇಗದ ಮಿತಿಯೊಳಗೆ. ಕಾರಿನಲ್ಲಿ ಜಿಪಿಎಸ್ ಕೂತಿರುತ್ತದೆ, ಮಿತಿ ದಾಟಿದರೆ ದಂಡ. ಎದುರು ದಿಕ್ಕಿಗೆ ತಿರುಗಿಸಿಕೊಂಡು ಹೋಗಿ ಇನ್ನೊಮ್ಮೆ ನೋಡುತ್ತೇವೆ ಎನ್ನುವಂತಿಲ್ಲ. ಮೂರನೇ ಸಲ ಅದೇ ರಸ್ತೆಗೆ ಬರುವಾಗ ಗಡಿಯಾರ ಓಡುತ್ತಿರುತ್ತದೆ. ಇಷ್ಟು ತಿರುವುಗಳನ್ನು ಎರಡೇ ನೋಟಕ್ಕೆ ನೆನಪಿಟ್ಟುಕೊಳ್ಳುವ ತಲೆ ಯಾರಿಗೂ ಇಲ್ಲ. ಹಾಗಾಗಿ ಪುಸ್ತಕ ಬೇಕು.

ಆ ಸ್ಪೈರಲ್ ಪುಸ್ತಕದಲ್ಲಿರುವುದೇ ರಸ್ತೆಯ ಒಂದೊಂದು ತಿರುವನ್ನೂ ಚುಟುಕಾಗಿ ಬರೆದಿಟ್ಟ ಪೇಸ್‌ನೋಟ್ಸ್. ರ‍್ಯಾಲಿ ಚಾಲಕರೊಬ್ಬರ ವೃತ್ತಿ ಬದುಕನ್ನು ಅಳೆಯಲು ಸ್ಟೀರಿಂಗ್ ಚಳಕಕ್ಕಿಂತ ಇದು ಒಳ್ಳೆಯ ಅಳತೆಗೋಲು ಎಂಬುದು ನಮ್ಮ ವಾದ. ವೇಗ ಬಹಳ ಜನರಿಗೆ ಇರುತ್ತದೆ. ಕಾಣದ ತಿರುವಿಗೂ ಅದೇ ವೇಗದಲ್ಲಿ ನುಗ್ಗಬಲ್ಲವರು ಕಡಿಮೆ. ನುಗ್ಗಲು ಧೈರ್ಯ ಕೊಡುವುದು ಎದೆಗಾರಿಕೆಯಲ್ಲ, ತಾವೇ ಬರೆಸಿದ ಸಾಲಿನ ಮೇಲಿನ ನಂಬಿಕೆ.

ಒಂದು ಸಾಲನ್ನು ಬಿಡಿಸಿ ನೋಡೋಣ. "ಹಂಡ್ರೆಡ್, ರೈಟ್ ಫೋರ್ ಲಾಂಗ್, ಟೈಟನ್ಸ್ ತ್ರೀ, ಡೋಂಟ್ ಕಟ್, ಇನ್‌ಟು ಲೆಫ್ಟ್ ಹೇರ್‌ಪಿನ್." ನಮ್ಮ ಕಡೆಯ ಜೋಡಿಗಳೂ ಓದುವುದು ಹೀಗೆ ಇಂಗ್ಲಿಷಿನಲ್ಲೇ. ಮೊದಲ ನೂರು ಎಂದರೆ ಮುಂದಿನ ತಿರುವಿಗೆ ನೂರು ಮೀಟರ್ ನೇರ ರಸ್ತೆ. ಆಮೇಲೆ ಬಲಕ್ಕೆ, ನಾಲ್ಕರ ತಿರುವು. ಹೆಚ್ಚಿನವರು ಬಳಸುವ ಲೆಕ್ಕದಲ್ಲಿ ಆರು ಎಂದರೆ ವೇಗ ಇಳಿಸುವ ಅಗತ್ಯವೇ ಇಲ್ಲದಂಥ ತಿರುವು, ಒಂದು ಎಂದರೆ ತೀರಾ ನಿಧಾನದ್ದು. ಬಂದ ದಿಕ್ಕಿಗೇ ಮಗುಚುವ ಹೇರ್‌ಪಿನ್ನಿಗೆ ಬೇರೆಯೇ ಹೆಸರು. ಇದನ್ನು ತಲೆಕೆಳಗು ಮಾಡಿ ಬಳಸುವವರೂ ಇದ್ದಾರೆ, ಅಂಕಿಯ ಬದಲು ತಿರುವಿನ ಕೋನವನ್ನೇ ಹೇಳುವ ಫ್ರೆಂಚ್ ಚಾಲಕರೂ ಇದ್ದಾರೆ. ಲಾಂಗ್ ಎಂದರೆ ತಿರುವು ಬೇಗ ಮುಗಿಯುವುದಿಲ್ಲ. ಮುಗಿಯುವ ಮೊದಲು ಅದು ಬಿಗಿಯಾಗಿ ಮೂರಾಗುತ್ತದೆ. ಒಳಬದಿಗೆ ಚಕ್ರ ಹಾಕಬೇಡ, ಅಲ್ಲಿ ಕಲ್ಲೋ ಮೋರಿಯೋ ಇದೆ. ಅದಾದ ತಕ್ಷಣ, ನಡುವೆ ಉಸಿರು ಬಿಡಲೂ ಜಾಗವಿಲ್ಲದೆ, ಎಡಕ್ಕೆ ಹೇರ್‌ಪಿನ್.

ಗಂಟೆಗೆ 120 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 33 ಮೀಟರ್ ಹೋಗುತ್ತದೆ. ಆ ನೂರು ಮೀಟರ್ ಮುಗಿಯಲು ಮೂರೇ ಸೆಕೆಂಡು. ಸಾಲು ಓದಲು ಅಷ್ಟೇ ಹೊತ್ತು ಬೇಕು. ಹಾಗಾಗಿ ಪಕ್ಕದ ಸೀಟಿನ ಕೋ-ಡ್ರೈವರ್ ಓದುವುದು ಕಣ್ಣೆದುರಿನ ತಿರುವನ್ನಲ್ಲ, ಅದರಾಚೆಯ ಎರಡನೆಯದೋ ಮೂರನೆಯದೋ ತಿರುವನ್ನು. ನೂರು ಎಂದು ಬರೆದಲ್ಲಿ ನಿಜಕ್ಕೂ ಎಪ್ಪತ್ತೇ ಮೀಟರ್ ಇದ್ದರೆ ಚಾಲಕರ ಪಾಲಿನ ಒಂದು ಸೆಕೆಂಡು ಹೋಯಿತು. ಬ್ರೇಕ್ ಹಿಡಿಯುವ ಜಾಗದಲ್ಲಿ ಒಂದು ಸೆಕೆಂಡು ಎಂದರೆ ರಸ್ತೆಯ ಮೇಲಿರುವುದಕ್ಕೂ ಚರಂಡಿಯೊಳಗಿರುವುದಕ್ಕೂ ಇರುವ ಅಂತರ.

ರಸ್ತೆಯನ್ನು ಕಾಗದಕ್ಕಿಳಿಸಿ ಓದುವ ಈ ವಿದ್ಯೆಗೆ ಹೆಸರು ತಂದುಕೊಟ್ಟ ಓಟ ರ‍್ಯಾಲಿಯಲ್ಲ, 1955ರ ಇಟಲಿಯ ಮಿಲ್ಲೆ ಮಿಲಿಯಾ. ಸಾವಿರ ಮೈಲಿಯ ಆ ರಸ್ತೆ ಓಟದಲ್ಲಿ ಬ್ರಿಟನ್ನಿನ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ ಪಕ್ಕ ಕೂತಿದ್ದವರು ಪತ್ರಕರ್ತ ಡೆನಿಸ್ ಜೆಂಕಿನ್ಸನ್. ಮೊದಲೇ ಓಡಾಡಿ ನೋಡಿದ ರಸ್ತೆಯನ್ನು ಅವರು 18 ಅಡಿ ಉದ್ದದ ಕಾಗದದ ಸುರುಳಿಯ ಮೇಲೆ ಬರೆದು, ಪೆಟ್ಟಿಗೆಯೊಂದರಲ್ಲಿ ಸುತ್ತಿಟ್ಟು, ತಿರುಗಿಸುತ್ತಾ ಓದಿದರು. ತೆರೆದ ಮರ್ಸಿಡಿಸ್ಸಿನ ಗದ್ದಲದಲ್ಲಿ ಮಾತು ಕೇಳುತ್ತಿರಲಿಲ್ಲವಾದ್ದರಿಂದ ಹೇಳಿದ್ದೆಲ್ಲ ಕೈಸನ್ನೆಯಲ್ಲಿ. ದಾರಿಯಲ್ಲಿ ವಾಂತಿ ಮಾಡಿಕೊಳ್ಳಲು ತಲೆ ಹೊರಹಾಕಿದಾಗ ಅವರ ಕನ್ನಡಕ ಗಾಳಿಗೆ ಹಾರಿಹೋಯಿತು. ಇನ್ನೊಂದು ಜೊತೆ ಇಟ್ಟುಕೊಂಡಿದ್ದರಿಂದ ಬಚಾವಾದರು. 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಆ ಜೋಡಿ ಗೆದ್ದಿತು. ಕನ್ನಡಕ ಹಾಕುವ ಕೋ-ಡ್ರೈವರ್‌ಗಳಿಗೆ ಇದರಲ್ಲೊಂದು ಪಾಠವಿದೆ.

ಈಗಿನ ಕ್ರಮ ಹೀಗೆ. ಸ್ಟೇಜ್ ಶುರುವಾಗುವಲ್ಲಿ ಟ್ರಿಪ್ ಮೀಟರ್ ಸೊನ್ನೆಗೆ ತರುತ್ತಾರೆ. ಮೊದಲ ಸಲ ಚಾಲಕರು ನೋಡಿದ್ದನ್ನು ನೋಡಿದಂತೆ ಹೇಳುತ್ತಾ ಹೋಗುತ್ತಾರೆ, ಕೋ-ಡ್ರೈವರ್ ಬರೆಯುತ್ತಾರೆ. ಪೆನ್ನು ಬೇಡ, ಪೆನ್ಸಿಲ್ಲೇ ಆಗಬೇಕು. ಕುಲುಕಾಟದಲ್ಲಿ ಬರೆದದ್ದನ್ನು ಅಳಿಸುವುದು ಖಚಿತ. ಸಾಲುಗಳ ನಡುವೆ ಜಾಗ ಬಿಟ್ಟಿರಬೇಕು. ಒಂದರ ಹಿಂದೊಂದು ಬರುವ ತಿರುವುಗಳು ಪುಟದ ಕೊನೆಯಲ್ಲಿ ತುಂಡಾಗಬಾರದು, ಏಕೆಂದರೆ ಹಾಳೆ ಮಗುಚುವ ಅರ್ಧ ಸೆಕೆಂಡು ಅಲ್ಲೇ ಬೇಕಾಗಿರುತ್ತದೆ. ಅಲ್ಲಲ್ಲಿ ಗುರುತುಗಳನ್ನೂ ಬರೆದುಕೊಳ್ಳುತ್ತಾರೆ: ನೀಲಿ ಗೇಟು, ಮುರಿದ ಮೈಲಿಗಲ್ಲು, ಬಲಕ್ಕೆ ಜೋಡಿ ಮರ. ಓದುವ ಜಾಗ ತಪ್ಪಿದಾಗ ಮತ್ತೆ ಹಳಿಗೆ ಬರಲು ಇವೇ ಗತಿ. ಎರಡನೇ ಸಲ ಕೋ-ಡ್ರೈವರ್ ಓದುತ್ತಾರೆ, ಚಾಲಕರು ತಿದ್ದುತ್ತಾರೆ. ರಾತ್ರಿ ಹೋಟೆಲಿನಲ್ಲಿ ಕಾರಿನ ಕ್ಯಾಮೆರಾ ಹಿಡಿದ ವಿಡಿಯೋ ಹಾಕಿಕೊಂಡು, ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಮತ್ತೊಮ್ಮೆ ತಿದ್ದುಪಡಿ. ಮೂರು ನಾಲ್ಕು ಗಂಟೆ ಇದಕ್ಕೇ ಹೋಗುತ್ತದೆ. ಹೊಸಬರು ಈ ರಾತ್ರಿ ಕೆಲಸ ಬಿಟ್ಟು ಮೆಕ್ಯಾನಿಕ್‌ಗಳ ಜೊತೆ ಸಸ್ಪೆನ್ಷನ್ ಚರ್ಚೆ ಮಾಡುತ್ತಾ ಕೂರುವುದನ್ನು ನೋಡಿದರೆ ಮರುದಿನದ ಫಲಿತಾಂಶ ಅಲ್ಲೇ ಹೇಳಬಹುದು.

ತಪ್ಪುಗಳು ಎಲ್ಲಿಂದ ಬರುತ್ತವೆ? ಅತಿ ಮುಖ್ಯವಾದದ್ದು ಏಕರೂಪವಿಲ್ಲದಿರುವುದು. ಬೆಳಗ್ಗೆ ತಾಜಾ ಇದ್ದಾಗ ನಾಲ್ಕು ಎಂದ ತಿರುವನ್ನು ಸಂಜೆ ದಣಿದಾಗ ಮೂರು ಎನ್ನುತ್ತಾರೆ. ಮೂರು ಎಂದದ್ದು ನಿಜಕ್ಕೂ ನಾಲ್ಕಾಗಿದ್ದರೆ ಹೋಗುವುದು ಅರ್ಧ ಸೆಕೆಂಡು, ಸಾಯಲಿ ಬಿಡಿ. ಆದರೆ ಒಂದು ಸಲ ಹಾಗಾದರೆ ಚಾಲಕರಿಗೆ ತಮ್ಮ ಪುಸ್ತಕದ ಮೇಲೇ ಅನುಮಾನ ಹುಟ್ಟುತ್ತದೆ. ಮುಂದಿನ ಮೂರನ್ನೂ "ಇದೂ ನಾಲ್ಕೇ ಇರಬಹುದು" ಎಂದುಕೊಂಡು ನುಗ್ಗುತ್ತಾರೆ, ಅದು ನಿಜವಾಗಿಯೂ ಮೂರಾಗಿರುತ್ತದೆ. ದರೆಗೆ ಬಡಿದ ಅನೇಕ ಕಾರುಗಳ ಕಥೆ ಆ ತಿರುವಿನಲ್ಲಿ ಶುರುವಾದದ್ದಲ್ಲ, ಎರಡು ಕಿ.ಮೀ. ಹಿಂದೆ ಶುರುವಾದದ್ದು.

ಎರಡನೆಯದು ದಿಣ್ಣೆ. ಅರವತ್ತರ ವೇಗದಲ್ಲಿ ದಿಣ್ಣೆ ಹತ್ತಿಳಿದದ್ದು ಗೊತ್ತೇ ಆಗುವುದಿಲ್ಲ. ನೂರೈವತ್ತರಲ್ಲಿ ಅದೇ ದಿಣ್ಣೆ ಕಾರನ್ನು ನೆಲದಿಂದ ಎತ್ತುತ್ತದೆ. ಚಕ್ರ ಗಾಳಿಯಲ್ಲಿದ್ದಾಗ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ. ದಿಣ್ಣೆಯಾಚೆ ರಸ್ತೆ ಸ್ವಲ್ಪ ಎಡಕ್ಕೆ ವಾಲಿದ್ದರೆ ಹಾರುವ ಮೊದಲೇ ಕಾರಿನ ಮೂತಿಯನ್ನು ಅತ್ತ ತಿರುಗಿಸಿಟ್ಟಿರಬೇಕು. ರೆಕ್ಕಿಗೆ ಎತ್ತರದ ಎಸ್‌ಯುವಿ ತೆಗೆದುಕೊಂಡು ಹೋದವರಿಗೆ ಇನ್ನೊಂದು ಮೋಸ ಕಾದಿರುತ್ತದೆ: ಎಸ್‌ಯುವಿಯ ಸೀಟಿನಿಂದ ದಿಣ್ಣೆಯಾಚೆಗಿನ ರಸ್ತೆ ಕಾಣುತ್ತದೆ, ನೆಲಕ್ಕೆ ಹತ್ತಿರ ಕೂರಿಸುವ ರ‍್ಯಾಲಿ ಕಾರಿನಿಂದ ಬರೀ ಆಕಾಶ. ಅನುಭವಿಗಳು ರೆಕ್ಕಿಯಲ್ಲಿ ಕಂಡದ್ದನ್ನು ಬರೆಸುವುದಿಲ್ಲ, ಆ ವೇಗದಲ್ಲಿ ಬಂದಾಗ ಏನಾಗುತ್ತದೋ ಅದನ್ನು ಊಹಿಸಿ ಬರೆಸುತ್ತಾರೆ. ಈ ಊಹೆಯೇ ವರ್ಷಗಟ್ಟಲೆ ಕಲಿಯಬೇಕಾದ ವಿದ್ಯೆ.

ಮೂರನೆಯದು, ರಸ್ತೆ ಬದಲಾಗುತ್ತದೆ. ಮಣ್ಣಿನ ಸ್ಟೇಜಿನಲ್ಲಿ ಮೊದಲು ಹೋಗುವ ಕಾರು ಸಡಿಲ ಜಲ್ಲಿಯನ್ನು ಗುಡಿಸುತ್ತಾ ಹೋಗಬೇಕು. ಹಿಂದೆ ಬರುವವರಿಗೆ ಗಟ್ಟಿ ನೆಲದ ಸ್ವಚ್ಛ ದಾರಿ ಸಿಗುತ್ತದೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೊದಲ ದಿನ ಅಂಕಪಟ್ಟಿಯ ಕ್ರಮದಲ್ಲೇ ಕಾರು ಬಿಡುವುದರಿಂದ ಮುಂಚೂಣಿಯಲ್ಲಿರುವವರಿಗೇ ಈ ಪೊರಕೆ ಕೆಲಸ. ಡಾಂಬರು ರಸ್ತೆಯಲ್ಲಿ ಇದು ಉಲ್ಟಾ: ಮುಂದಿನವರು ತಿರುವಿನ ಒಳಬದಿಗೆ ಚಕ್ರ ಹಾಕಿ ಹಾಕಿ ಮಣ್ಣು ರಸ್ತೆಗೆ ಎಳೆದು ತರುತ್ತಾರೆ, ಹಿಂದಿನವರು ಅದರ ಮೇಲೆ ಜಾರುತ್ತಾರೆ. ಮಧ್ಯಾಹ್ನ ಅದೇ ಸ್ಟೇಜನ್ನು ಎರಡನೇ ಸಲ ಓಡಿಸುವಾಗ ಗಾಲಿಜಾಡು ಆಳವಾಗಿ, ಹುದುಗಿದ್ದ ಬಂಡೆ ತಲೆ ಎತ್ತಿರುತ್ತದೆ. ಬೆಳಗ್ಗೆ ಒಳಗೆ ಹಾಕಬಹುದಾಗಿದ್ದ ತಿರುವಿಗೆ ಮಧ್ಯಾಹ್ನ "ಡೋಂಟ್ ಕಟ್" ಸೇರಿಸಬೇಕು. ಇದನ್ನು ಮೊದಲ ಓಟ ಮುಗಿದ ತಕ್ಷಣ, ನೆನಪು ಬಿಸಿಯಾಗಿರುವಾಗಲೇ, ರಸ್ತೆ ಬದಿ ನಿಂತು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಮಾಂಟೆ ಕಾರ್ಲೋದಂಥ ಚಳಿಗಾಲದ ರ‍್ಯಾಲಿಗೆ ಬೇರೆ ವ್ಯವಸ್ಥೆಯಿದೆ. ಸ್ಟೇಜ್ ಶುರುವಾಗುವ ಕೆಲವು ಗಂಟೆ ಮೊದಲು ತಂಡದ ಇನ್ನೊಂದು ಜೋಡಿ ಅದೇ ಪುಸ್ತಕದ ಪ್ರತಿ ಹಿಡಿದು ರಸ್ತೆ ನೋಡಿಬಂದು, ಎಲ್ಲಿ ಮಂಜುಗಡ್ಡೆ, ಎಲ್ಲಿ ಬರೀ ಒದ್ದೆ ಎಂದು ಗುರುತಿಸಿ ಕೊಡುತ್ತದೆ. ಆ ಜೋಡಿಗೆ ಹೆಚ್ಚಾಗಿ ನಿವೃತ್ತ ಚಾಲಕರನ್ನೇ ಹುಡುಕುತ್ತಾರೆ.

ನಮ್ಮ ಮಲೆನಾಡಿನ ಎಸ್ಟೇಟ್ ರಸ್ತೆಗಳು ನೋಟ್ಸ್ ಬರೆಯುವವರಿಗೆ ಕಠಿಣ ಶಾಲೆ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆದದ್ದು ಬಹಳ ಓದುಗರಿಗೆ ನೆನಪಿರಬಹುದು. ಜೀಪು, ಟ್ರ್ಯಾಕ್ಟರ್ ಓಡಾಡಲೆಂದು ಮಾಡಿದ ದಾರಿ. ಒಂದು ಕಡೆ ದರೆ, ಇನ್ನೊಂದು ಕಡೆ ಇಳಿಜಾರು, ಅಂಚಿನಲ್ಲೇ ಸಿಲ್ವರ್ ಓಕ್. ತಿರುವಿನ ಒಳಬದಿಯಲ್ಲಿ ಮಳೆನೀರಿನ ಚರಂಡಿ ಇರುತ್ತದೆ, ಅದರ ಮೇಲೆ ತರಗೆಲೆ ತುಂಬಿ ಗಟ್ಟಿ ನೆಲದಂತೆ ಕಾಣುತ್ತದೆ. ಅಲ್ಲಿಗೆ ಚಕ್ರ ಹಾಕಿದರೆ ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್ ಬಾಗುವುದು ಗ್ಯಾರಂಟಿ. ನೆರಳು ಇನ್ನೊಂದು ಸಮಸ್ಯೆ. ಬಿಸಿಲಿನಿಂದ ಮರದ ನೆರಳಿಗೆ ನುಗ್ಗಿದ ಕ್ಷಣ ಕಣ್ಣು ಕತ್ತಲೆಗಟ್ಟುತ್ತದೆ, ಆ ಕತ್ತಲೆಯಲ್ಲೇ ನೆಲ ಒದ್ದೆ ಇರುತ್ತದೆ. ಹಾಗಾಗಿ ತೋಟದ ಸ್ಟೇಜಿನ ನೋಟ್ಸಿನಲ್ಲಿ ತಿರುವಿನ ಅಂಕಿಯಷ್ಟೇ ಮುಖ್ಯವಾಗಿ ಹಿಡಿತದ ಮಾತೂ ಬರಬೇಕು: ಜಾರು, ಎಲೆ, ಒದ್ದೆ. ಇದಕ್ಕೆ ಹೋಲಿಸಿದರೆ ತುಮಕೂರು ಸೀಮೆಯಲ್ಲಿ ನಡೆಯುವ ಕೆ-1000 ರ‍್ಯಾಲಿಯ ಬಯಲು ರಸ್ತೆಗಳಲ್ಲಿ ಮುಂದಿನದ್ದು ಕಾಣುತ್ತದೆ. ಕಾಣುತ್ತದೆಂದೇ ಜನ ನೋಟ್ಸ್ ಬಿಟ್ಟು ಕಣ್ಣನ್ನು ನಂಬುತ್ತಾರೆ, ಅಲ್ಲಿನ ಅನಾಹುತಗಳಿಗೆ ಅದೇ ಕಾರಣ.

ಓದುವವರ ಕಡೆಗೆ ಬರೋಣ. ಕೋ-ಡ್ರೈವರ್ ದಾರಿ ತೋರಿಸುವವರು ಎಂಬ ಕಲ್ಪನೆ ಇನ್ನೂ ಇದೆ. ಅವರ ನಿಜವಾದ ಕಸುಬು ಹೊತ್ತು ನೋಡಿ ಹೇಳುವುದು. ಬೇಗ ಹೇಳಿದರೆ ಚಾಲಕರು ಮರೆಯುತ್ತಾರೆ, ತಡವಾದರೆ ಬ್ರೇಕಿನ ಜಾಗ ದಾಟಿರುತ್ತದೆ. ವೇಗದ ರಸ್ತೆಯಲ್ಲಿ ಮುಂಚಿತವಾಗಿ, ಹೇರ್‌ಪಿನ್ನುಗಳ ನಡುವೆ ತಡೆದು. ತಲೆ ತಗ್ಗಿಸಿ ಪುಸ್ತಕ ನೋಡುತ್ತಿರುವ ಇವರಿಗೆ ಕಾರು ಎಲ್ಲಿದೆಯೆಂದು ತಿಳಿಯುವುದು ಹೆಚ್ಚಾಗಿ ಸೀಟಿನ ಮೂಲಕ: ಬ್ರೇಕ್ ಹಿಡಿದದ್ದು, ಕಾರು ವಾಲಿದ್ದು, ದಿಣ್ಣೆಯ ಮೇಲೆ ಹೊಟ್ಟೆ ತೇಲಿದ್ದು. ಕಾಸರಗೋಡಿನ ಮೂಸಾ ಶರೀಫ್ ಇಂಥ ಓದುವ ಕೆಲಸದಲ್ಲೇ ದಶಕಗಳ ಕಾಲ ದೇಶದ ಬಹಳಷ್ಟು ಮುಂಚೂಣಿ ಚಾಲಕರ ಪಕ್ಕ ಕೂತವರು. ಹೊಸ ಚಾಲಕರೊಬ್ಬರ ವೃತ್ತಿ ಬೇಗ ಮೇಲೇರಬೇಕಾದರೆ ಹೊಸ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಕೊಳ್ಳುವ ದುಡ್ಡಿನಲ್ಲಿ ಅನುಭವಿ ಕೋ-ಡ್ರೈವರನ್ನು ಕೂರಿಸಿಕೊಳ್ಳಿ ಎಂದು ನಾವು ಹೇಳುವುದು ಇದಕ್ಕೇ.

ಪುಸ್ತಕದ ಬಲ ಗೊತ್ತಾಗುವುದು ಪಕ್ಕದವರು ಬದಲಾದಾಗ. 2021ರ ಜನವರಿಯಲ್ಲಿ, ಮಾಂಟೆ ಕಾರ್ಲೋ ಇನ್ನೇನು ಬಂತು ಎನ್ನುವಾಗ, ಬೆಲ್ಜಿಯಂನ ಥಿಯೆರಿ ನ್ಯೂವಿಲ್ ತಮ್ಮ ಹಳೆಯ ಕೋ-ಡ್ರೈವರ್ ನಿಕೋಲಾ ಜಿಲ್ಸೂಲ್‌ರಿಂದ ಬೇರೆಯಾದರು. ಬಂದವರು ಮಾರ್ಟಿನ್ ವೈಡೇಗ, ಫ್ಲೆಮಿಶ್ ಮಾತಿನವರು. ನ್ಯೂವಿಲ್ ನೋಟ್ಸ್ ಫ್ರೆಂಚಿನಲ್ಲಿ. ಕೆಲವೇ ದಿನಗಳಲ್ಲಿ ವೈಡೇಗ ಆ ಪದಗಳನ್ನು, ಆ ಓಟವನ್ನು ನಾಲಿಗೆಗೆ ಹತ್ತಿಸಿಕೊಂಡು ಓದಿದರು. ಆ ರ‍್ಯಾಲಿಯಲ್ಲಿ ಇಬ್ಬರೂ ಸೇರಿ ಮೂರನೆಯವರಾದರು, 2024ರಲ್ಲಿ ಅದೇ ಜೋಡಿ ವಿಶ್ವ ಚಾಂಪಿಯನ್. ಚಾಲಕರ ಬರವಣಿಗೆಯ ಕ್ರಮ ಗಟ್ಟಿಯಾಗಿಲ್ಲದಿದ್ದರೆ ಹೊರಗಿನವರೊಬ್ಬರು ಹೀಗೆ ಬಂದು ಓದುವುದು ಸಾಧ್ಯವೇ ಇರುತ್ತಿರಲಿಲ್ಲ.

ಒಂಬತ್ತು ಸಲ ವಿಶ್ವ ಚಾಂಪಿಯನ್ ಆದ ಸೆಬಾಸ್ಟಿಯನ್ ಲೋಬ್ ವಿಷಯದಲ್ಲೂ ಇದೇ. ಫ್ರಾನ್ಸಿನ ಆಲ್ಸೇಸ್ ಪ್ರಾಂತ್ಯದ ಅಗನೋ ಊರಿನವರು, ಹುಟ್ಟಿದ್ದು 1974. ಮೊದಲು ಜಿಮ್ನಾಸ್ಟಿಕ್ಸ್, ಆಮೇಲೆ ಎಲೆಕ್ಟ್ರಿಷಿಯನ್ ಕೆಲಸ. ದುಡ್ಡಿಲ್ಲದವರಿಗೂ ಸ್ಟೀರಿಂಗ್ ಸಿಗಲಿ ಎಂದು ಫ್ರಾನ್ಸಿನಲ್ಲಿ ನಡೆಸುತ್ತಿದ್ದ ಪ್ರತಿಭಾ ಶೋಧದ ಮೂಲಕ 1990ರ ದಶಕದ ನಡುವೆ ಈ ರಂಗಕ್ಕೆ ಬಂದರು. ಸಿಟ್ರೊಯೆನ್‌ನ ಪುಟ್ಟ ಸಾಕ್ಸೊ ಕಾರಿನ ಸರಣಿಯಲ್ಲಿ ಗೆಲ್ಲುತ್ತಾ 2001ರಲ್ಲಿ ಸಣ್ಣ ಕಾರುಗಳ ಸೂಪರ್ 1600 ವಿಭಾಗದ ಪಟ್ಟ ಪಡೆದರು. ಅದೇ ವರ್ಷ ಇಟಲಿಯ ಸಾನ್ರೆಮೊ ರ‍್ಯಾಲಿಯಲ್ಲಿ ದೊಡ್ಡ ಕಾರು ಕೊಟ್ಟ ಕೂಡಲೇ ಎರಡನೇ ಸ್ಥಾನ. ಮೆಟ್ಟಿಲುಗಳನ್ನು ಗಮನಿಸಿ: ಒಂದೇ ಮಾದರಿಯ ಅಗ್ಗದ ಕಾರುಗಳ ಸರಣಿ, ಆಮೇಲೆ ಎರಡು ಚಕ್ರಕ್ಕೆ ಶಕ್ತಿಯಿರುವ ಕಾರು, ಕೊನೆಗೆ ನಾಲ್ಕು ಚಕ್ರದ್ದು. ಇಂದೂ ಅದೇ ದಾರಿ, ಹೆಸರುಗಳು ಮಾತ್ರ ರ‍್ಯಾಲಿ5ರಿಂದ ರ‍್ಯಾಲಿ1ರವರೆಗೆ ಎಂದಾಗಿವೆ. ನೇರವಾಗಿ ಮೇಲಿನ ಕಾರಿಗೆ ಜಿಗಿದವರು ಕಾರಿನ ಶಕ್ತಿಯ ಮರೆಯಲ್ಲಿ ನೋಟ್ಸಿನ ದೋಷ ಮುಚ್ಚಿಕೊಳ್ಳುತ್ತಾರೆ. ಶಕ್ತಿ ಕಡಿಮೆಯಿರುವ ಕಾರಿನಲ್ಲಿ ತಿರುವಿನಲ್ಲಿ ಕಳೆದುಕೊಂಡ ವೇಗ ಮರಳಿ ಬರುವುದಿಲ್ಲ, ಹಾಗಾಗಿ ಸರಿಯಾಗಿ ಬರೆಯಲು ಅದು ಕಲಿಸುತ್ತದೆ.

ಲೋಬ್ ಗೆದ್ದ 80 ವಿಶ್ವ ರ‍್ಯಾಲಿಗಳಲ್ಲಿ 79ಕ್ಕೆ ಪಕ್ಕದಲ್ಲಿದ್ದವರು ಮೊನಾಕೊದ ಡೇನಿಯಲ್ ಎಲೆನಾ. 2004ರಿಂದ 2012ರವರೆಗಿನ ಸತತ ಒಂಬತ್ತು ಪಟ್ಟಗಳೂ ಈ ಜೋಡಿಯವು. ಎಂಬತ್ತನೆಯದು 2022ರ ಮಾಂಟೆ ಕಾರ್ಲೋ. ಆಗ ಪಕ್ಕದಲ್ಲಿದ್ದವರು ಇಸಾಬೆಲ್ ಗಾಲ್ಮಿಶ್, ಗಣಿತದ ಮೇಷ್ಟರು. ಲೋಬ್‌ಗೆ 47 ವರ್ಷ, ಕಾರು ಹೈಬ್ರಿಡ್ ವ್ಯವಸ್ಥೆಯ ಹೊಚ್ಚ ಹೊಸ ಫೋರ್ಡ್ ಪೂಮಾ. ಕಾರು ಹೊಸದು, ಕೋ-ಡ್ರೈವರ್ ಬೇರೆ, ಪೂರ್ಣಾವಧಿ ಸ್ಪರ್ಧೆ ಬಿಟ್ಟು ಎಷ್ಟೋ ಕಾಲ. ಹಳೆಯದಾಗಿ ಉಳಿದಿದ್ದದ್ದು ರಸ್ತೆಯನ್ನು ಮಾತಾಗಿಸುವ ಅವರ ಕ್ರಮ ಒಂದೇ.

ಆದರೂ ಆ ಗೆಲುವಿನಲ್ಲಿ ಅದೃಷ್ಟದ ಪಾಲೂ ಇತ್ತೆನ್ನದಿದ್ದರೆ ಅನ್ಯಾಯ. ಕೊನೆಯ ಸ್ಟೇಜಿಗೆ ಒಂದು ಮೊದಲು ಇನ್ನೊಬ್ಬ ಫ್ರೆಂಚ್ ಚಾಲಕ ಸೆಬಾಸ್ಟಿಯನ್ ಓಜಿಯೆ 24 ಸೆಕೆಂಡಿಗೂ ಹೆಚ್ಚು ಮುಂದಿದ್ದರು. ಮುಂದಿನ ಎಡ ಟೈರು ಪಂಕ್ಚರ್ ಆಯಿತು. ಇದೇ ಓಜಿಯೆ 2011ರಲ್ಲಿ ಜೋರ್ಡಾನ್ ರ‍್ಯಾಲಿಯನ್ನು 0.2 ಸೆಕೆಂಡಿನಿಂದ ಗೆದ್ದವರು, 2024ರಲ್ಲಿ ಸಾರ್ಡಿನಿಯಾವನ್ನು ಅಷ್ಟೇ 0.2 ಸೆಕೆಂಡಿನಿಂದ ಕಳೆದುಕೊಂಡವರು. ಅಲ್ಲೂ ಕೊನೆಯ ಸ್ಟೇಜಿನ ಪಂಕ್ಚರ್. ಸ್ಟೇಜಿನ ನಡುವೆ ಚಕ್ರ ಬದಲಿಸಲು ಪಳಗಿದ ಜೋಡಿಗೆ ಒಂದೂವರೆಯಿಂದ ಎರಡು ನಿಮಿಷ ಬೇಕು: ಗಟ್ಟಿ ನೆಲ ನೋಡಿ ನಿಲ್ಲಿಸು, ಬೆಲ್ಟ್ ಬಿಚ್ಚು, ಒಬ್ಬರು ಜಾಕ್ ಹಾಕು, ಇನ್ನೊಬ್ಬರು ಡಿಕ್ಕಿಯ ಪಟ್ಟಿ ಸಡಿಲಿಸಿ ಸ್ಪೇರ್ ಇಳಿಸು, ಹಳೆಯ ಚಕ್ರವನ್ನು ಮತ್ತೆ ಪಟ್ಟಿ ಬಿಗಿದು ಕಟ್ಟು. ಕಟ್ಟದೆ ಎಸೆದು ಹೊರಟರೆ ಮುಂದಿನ ದಿಣ್ಣೆಯಲ್ಲಿ ಇಪ್ಪತ್ತು ಕೆ.ಜಿ.ಯ ಚಕ್ರ ಕಾರಿನೊಳಗೆ ಹಾರಾಡುತ್ತದೆ. ಸ್ಟೇಜ್ ಮುಗಿಯಲು ಐದಾರು ಕಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಹೆಚ್ಚಿನವರು ನಿಲ್ಲಿಸದೆ ಹೋಗುತ್ತಾರೆ. ಅದರಲ್ಲೂ ಅಪಾಯವಿದೆ. ಹರಿದ ಟೈರಿನ ರಬ್ಬರು ಚಾವಟಿಯಂತೆ ಬೀಸಿ ಬ್ರೇಕ್ ಹೋಸನ್ನೇ ಕತ್ತರಿಸಿದ ಉದಾಹರಣೆಗಳಿವೆ. ಉಳಿದ ದೂರ ಎಷ್ಟೆಂದು ಆ ಗಡಿಬಿಡಿಯಲ್ಲಿ ತಕ್ಷಣ ಹೇಳಬೇಕಾದವರು ಕೋ-ಡ್ರೈವರ್. ಅದಕ್ಕಾಗಿಯೇ ಪುಟದ ಮೇಲ್ಭಾಗದಲ್ಲಿ ಉಳಿದ ಕಿ.ಮೀ. ಬರೆದಿಟ್ಟುಕೊಳ್ಳುವ ರೂಢಿ.

ಎರಡು ಸ್ಟೇಜ್‌ಗಳ ನಡುವೆ ಸಾರ್ವಜನಿಕ ರಸ್ತೆಯಲ್ಲಿ, ಸಂಚಾರ ನಿಯಮ ಪಾಲಿಸಿಕೊಂಡು, ನಿಗದಿತ ನಿಮಿಷಕ್ಕೆ ಸರಿಯಾಗಿ ಟೈಮ್ ಕಂಟ್ರೋಲ್ ಎಂಬ ತಪಾಸಣೆ ಗೇಟು ತಲುಪಬೇಕು. ತಡವಾದರೆ ನಿಮಿಷಕ್ಕೆ 10 ಸೆಕೆಂಡ್ ದಂಡ, ಬೇಗ ಹೋದರೆ ನಿಮಿಷಕ್ಕೆ ಒಂದು ಪೂರ್ತಿ ನಿಮಿಷ. ಗೇಟಿನ ಮುಂದೆ ಕಾರುಗಳು ಸುಮ್ಮನೆ ಕಾಯುತ್ತಾ ನಿಂತಿರುವುದು ಈ ಕಾರಣಕ್ಕೆ. ಸಮಯದ ದಂಡವನ್ನು ಬೇಕೆಂದೇ ಹಾಕಿಸಿಕೊಂಡ ಪ್ರಸಂಗವೂ ಇದೆ. 2005ರ ವೇಲ್ಸ್ ರ‍್ಯಾಲಿಯಲ್ಲಿ ಚಾಲಕ ಮಾರ್ಕೊ ಮಾರ್ಟಿನ್ ಕಾರು ಮರಕ್ಕೆ ಬಡಿದು ಕೋ-ಡ್ರೈವರ್ ಮೈಕೆಲ್ ಪಾರ್ಕ್ ತೀರಿಕೊಂಡರು. ಮುಂದಿದ್ದ ಲೋಬ್‌ಗೆ ಗೆದ್ದರೆ ಅಂದೇ ವಿಶ್ವ ಪಟ್ಟ ಖಚಿತವಾಗುತ್ತಿತ್ತು. ಆ ದಿನ ಪಟ್ಟ ಬೇಡವೆಂದು ಎರಡು ನಿಮಿಷದ ದಂಡ ತಾನಾಗಿ ತೆಗೆದುಕೊಂಡು ಮೂರನೇ ಸ್ಥಾನಕ್ಕಿಳಿದರು.

ಮೆಕ್ಯಾನಿಕ್‌ಗಳು ರಿಪೇರಿ ಮಾಡುವ ಸರ್ವೀಸ್ ಪಾರ್ಕಿನ ಹೊರಗೆ ಕಾರನ್ನು ಮುಟ್ಟುವ ಅಧಿಕಾರ ಇರುವುದು ಒಳಗೆ ಕೂತ ಇಬ್ಬರಿಗೆ ಮಾತ್ರ, ಅದೂ ಕಾರಿನಲ್ಲೇ ಇರುವ ಸಾಮಾನಿನಿಂದ. ಟೇಪು, ಝಿಪ್ ಟೈ, ಹೋಸ್ ಕ್ಲಿಪ್ಪು, ಬೆಲ್ಟು, ಬಾಗಿದ ಆರ್ಮ್ ಎಳೆದು ಕಟ್ಟಲು ರಾಚೆಟ್ ಪಟ್ಟಿ. 2014ರ ಮೆಕ್ಸಿಕೊದಲ್ಲಿ ರೇಡಿಯೇಟರ್ ಒಡೆದಾಗ ನ್ಯೂವಿಲ್ ಬಹುಮಾನವಾಗಿ ಸಿಕ್ಕ ದೊಡ್ಡ ಬಾಟಲಿಯ ಬಿಯರನ್ನೇ ಅದಕ್ಕೆ ಸುರಿದು ಕಾರು ತಲುಪಿಸಿ ಮೂರನೆಯವರಾದರು. ಎಲ್ಲರಿಗೂ ಹೀಗೆ ದಡ ಸಿಗುವುದಿಲ್ಲ. 1998ರ ಬ್ರಿಟನ್ ರ‍್ಯಾಲಿಯಲ್ಲಿ, ವರ್ಷದ ಕೊನೆಯ ಸ್ಟೇಜ್ ಮುಗಿಯಲು ಕೆಲವೇ ನೂರು ಮೀಟರ್ ಇರುವಾಗ ಕಾರ್ಲೋಸ್ ಸೈನ್ಸ್ ಅವರ ಟೊಯೋಟಾ ಎಂಜಿನ್ ಸತ್ತಿತು. ಗುರಿ ಮುಟ್ಟಿದ್ದರೆ ಅವರದಾಗುತ್ತಿದ್ದ ವಿಶ್ವ ಪಟ್ಟ ಹೋಗಿ ಸೇರಿದ್ದು ಮೊದಲ ದಿನವೇ ಚಕ್ರ ಮುರಿದುಕೊಂಡು ಹೊರಬಿದ್ದಿದ್ದ ಟಾಮಿ ಮ್ಯಾಕಿನೆನ್‌ಗೆ. ಸೈನ್ಸ್ ಪಕ್ಕದಲ್ಲಿದ್ದ ಲೂಯಿಸ್ ಮೋಯಾ ಹೆಲ್ಮೆಟ್ ಎಸೆದು ಕಾರಿನ ಹಿಂದಿನ ಗಾಜು ಒಡೆದದ್ದು ತಪ್ಪೆಂದು ಹೇಳಲು ನಮಗಂತೂ ಬಾಯಿ ಬರುವುದಿಲ್ಲ.

ಹಣದ ಮಾತು ಬೇಗ ಮುಗಿಸೋಣ, ಏಕೆಂದರೆ ಹೇಳಲು ಸಂತೋಷದ್ದೇನೂ ಇಲ್ಲ. ಕಂಪನಿಯೇ ಸಂಬಳ ಕೊಟ್ಟು ಓಡಿಸುವ ಸೀಟುಗಳು ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಉಳಿದವರು ಮನೆ ದುಡ್ಡಿನಿಂದಲೋ ಪ್ರಾಯೋಜಕರಿಂದಲೋ ಓಡಿಸುತ್ತಾರೆ. ಭಾರತದಲ್ಲಿ ಗೌರವ್ ಗಿಲ್ ಎಂಆರ್‌ಎಫ್ ತಂಡದ ಬೆಂಬಲದಲ್ಲಿ 2013, 2016, 2017ರಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್ ಆಗಿ, 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಬೆಂಗಳೂರಿನ ಕರ್ಣ ಕಡೂರ್ ರಾಷ್ಟ್ರೀಯ ಚಾಂಪಿಯನ್ ಪಟ್ಟಕ್ಕೇರಿದವರು. ಇವರಾಚೆಗೆ ಹೆಚ್ಚಿನವರಿಗೆ ಇದು ಇನ್ನೊಂದು ಉದ್ಯೋಗದ ಜೊತೆ ನಡೆಯುವ ಕೆಲಸ. ಲೆಕ್ಕ ಹಾಕುವಾಗ ಕಾರೊಂದನ್ನೇ ಹಾಕಿ ಸೋಲುವವರು ಬಹಳ. ಟೈರು, ರೆಕ್ಕಿ ಕಾರು, ಸರ್ವೀಸ್ ವ್ಯಾನು, ಮೆಕ್ಯಾನಿಕ್‌ಗಳ ಊಟ ವಸತಿ, ಒಂದು ಗೇರ್‌ಬಾಕ್ಸ್ ಎಕ್ಸ್‌ಟ್ರಾ, ಇವೆಲ್ಲ ಸೇರಿದ ಮೇಲೇ ಒಂದು ಸುತ್ತಿನ ಖರ್ಚು ಗೊತ್ತಾಗುವುದು. ಹೆಲ್ಮೆಟ್, ಕತ್ತು ಕಾಯುವ ಹಾನ್ಸ್, ಸೀಟು, ಬೆಲ್ಟುಗಳ ಲೇಬಲ್ ಮೇಲಿನ ಅವಧಿ ಮುಗಿದಿದ್ದರೆ ಓಟಕ್ಕೆ ಮುಂಚಿನ ತಪಾಸಣೆಯಾದ ಸ್ಕ್ರುಟಿನಿಯಲ್ಲೇ ವಾಪಸ್. ಸೆಕೆಂಡ್ ಹ್ಯಾಂಡ್ ಬೆಲ್ಟು ಕೊಳ್ಳುವ ಮುನ್ನ ಬೆಲೆಗಿಂತ ಮೊದಲು ಲೇಬಲ್ ನೋಡಿ.

ನಮ್ಮಲ್ಲಿ ರಸ್ತೆ ಮುಚ್ಚುವುದೇ ದೊಡ್ಡ ಕಷ್ಟ ಎಂಬುದನ್ನೂ ಹೇಳಬೇಕು. 2019ರಲ್ಲಿ ರಾಜಸ್ಥಾನದ ಸುತ್ತಿನಲ್ಲಿ ಸ್ಟೇಜಿನೊಳಗೆ ಬಂದ ಬೈಕ್‌ಗೆ ಸ್ಪರ್ಧೆಯ ಕಾರು ಬಡಿದು ಮೂವರು ಸತ್ತರು. ತೋಟ, ಗಾಳಿಯಂತ್ರಗಳ ಖಾಸಗಿ ರಸ್ತೆ ಹುಡುಕುವುದು ಈ ಕಾರಣಕ್ಕೂ ಹೌದು. ರೆಕ್ಕಿಯಲ್ಲಿ ಕಾಲುದಾರಿ, ಗೇಟು, ಮನೆಗಳಿರುವ ಜಾಗವನ್ನು ಗುರುತು ಹಾಕಿ ಸಂಘಟಕರಿಗೆ ತಿಳಿಸುವುದು ನಿಯಮ ಪುಸ್ತಕದಲ್ಲಿ ಇರಲಿ ಬಿಡಲಿ, ಮಾಡಲೇಬೇಕಾದ ಕೆಲಸ.

ಈ ದಾರಿಗೆ ಬರಬೇಕೆನ್ನುವವರು ಹೇಳಿದ ವೇಗದಲ್ಲಿ, ಹೇಳಿದ ಹೊತ್ತಿಗೆ ತಲುಪಬೇಕಾದ ಟಿಎಸ್‌ಡಿ ರ‍್ಯಾಲಿಯಿಂದ, ಅದರಲ್ಲೂ ಪಕ್ಕದ ಸೀಟಿನಿಂದ ಶುರುಮಾಡುವುದು ಒಳ್ಳೆಯದು. ಅಲ್ಲಿ ವೇಗವಿಲ್ಲ, ಆದರೆ ದೂರ ಮತ್ತು ಹೊತ್ತಿನ ಲೆಕ್ಕ ಕೈಗೆ ಹತ್ತುತ್ತದೆ. ಆಮೇಲೆ ಬಯಲಿನಲ್ಲಿ ಗಡಿಯಾರದೆದುರು ಓಡಿಸುವ ಆಟೋಕ್ರಾಸ್. ನಡುವೆ, ಮಾಮೂಲಿ ಓಡಾಟದಲ್ಲೇ ಪರಿಚಯವಿಲ್ಲದ ಐದು ಕಿ.ಮೀ. ರಸ್ತೆ ಹಿಡಿದು, ಕಾನೂನಿನ ವೇಗದಲ್ಲೇ, ಗೆಳೆಯರಿಂದ ನೋಟ್ಸ್ ಬರೆಸಿ. ವಾರ ಬಿಟ್ಟು ಅದೇ ರಸ್ತೆಗೆ ಹಳೆಯ ಪುಸ್ತಕ ನೋಡದೆ ಹೊಸದಾಗಿ ಬರೆಸಿ, ಎರಡನ್ನೂ ಪಕ್ಕ ಪಕ್ಕ ಇಡಿ. ಹತ್ತರಲ್ಲಿ ಮೂರು ತಿರುವಿನ ಅಂಕಿ ಬೇರೆಯಾಗಿದ್ದರೆ ಇನ್ನೂ ರ‍್ಯಾಲಿ ಕಾರು ಕೊಳ್ಳುವ ಹೊತ್ತು ಬಂದಿಲ್ಲ. ಹಳೆಯ ಪುಸ್ತಕಗಳನ್ನು ಮಾತ್ರ ಎಸೆಯಬೇಡಿ. ಮರುವರ್ಷ ಅದೇ ಸ್ಟೇಜ್ ಬಂದರೆ ಅವು ಕೆಲಸಕ್ಕೆ ಬರುತ್ತವೆ, ಪ್ರತಿ ಸಾಲನ್ನೂ ರೆಕ್ಕಿಯಲ್ಲಿ ಹೊಸದಾಗಿ ತಾಳೆ ನೋಡಿದರೆ. ನಡುವೆ ಯಾರಾದರೂ ಮೋರಿ ಅಗಲ ಮಾಡಿರಬಹುದು, ಮರ ಕಡಿದಿರಬಹುದು, ಜೆಸಿಬಿ ಬಂದು ದಿಣ್ಣೆಯನ್ನೇ ಕೆರೆದು ಹೋಗಿರಬಹುದು.